ಹಳೆಯ ಕಾರಿನ ಹ್ಯಾಂಡ್ ಬ್ರೇಕ್: ಮನೆಯಲ್ಲೇ ಸರಿಪಡಿಸುವ ಕ್ರಮ



ನಮ್ಮ ಸೀಮೆಯಲ್ಲಿ ಸಮತಟ್ಟಾದ ಜಾಗವೆಂದರೆ ಗದ್ದೆ ಮತ್ತು ಕಾಫಿ ಒಣಗಿಸುವ ಕಣ, ಇವೆರಡೇ. ಉಳಿದುದೆಲ್ಲ ಏರು ಇಲ್ಲವೆ ಇಳಿಜಾರು. ಹಾಗಿದ್ದೂ ನಮ್ಮಲ್ಲಿ ಅನೇಕರು ಹ್ಯಾಂಡ್ ಬ್ರೇಕನ್ನು ನೆಚ್ಚುವುದನ್ನು ಬಿಟ್ಟು, ಚಕ್ರಕ್ಕೆ ಕೊಡಲು ಕಾರಿನಲ್ಲೊಂದು ಕಲ್ಲು ಇಟ್ಟುಕೊಂಡು ತಿರುಗುತ್ತೇವೆ. ಮಾರುತಿ 800 ಮತ್ತು ಅಂಬಾಸಿಡರ್ ಕಾರುಗಳ ತಯಾರಿಕೆ 2014ರಲ್ಲೇ ನಿಂತಿದ್ದರೂ ನಮ್ಮ ತೋಟಗಳಲ್ಲಿ ಅವು ಇನ್ನೂ ಓಡುತ್ತಿರುವುದರಿಂದ, ಈ ವಿಷಯ ತಿಳಿದಿರುವುದು ಒಳ್ಳೆಯದು.

ಈ ಲೇಖನಕ್ಕೆ ಕಾರಣ ನನ್ನದೇ ತಪ್ಪು. ನನ್ನ ಹಳೆಯ ಮಾರುತಿಯ ಹ್ಯಾಂಡ್ ಬ್ರೇಕ್ ಲಿವರ್ ಮೇಲಕ್ಕೆ ಬರತೊಡಗಿದಾಗ, ಅದರ ಬುಡದಲ್ಲಿರುವ ನಟ್ಟನ್ನು ಬಿಗಿ ಮಾಡಿದೆ. ಕೆಲವು ವಾರ ಚೆನ್ನಾಗಿತ್ತು. ಮತ್ತೆ ಸಡಿಲವಾಯಿತು, ಮತ್ತೆ ಬಿಗಿ ಮಾಡಿದೆ. ಹೀಗೆ ಮೂರು ಸಲ. ಕೊಯಿಲಿನ ಒಂದು ಸಂಜೆ ಕಣದ ಮೇಲಿನ ದಾರಿಯಲ್ಲಿ ಕಾರು ನಿಲ್ಲಿಸಿ, ಗೇರ್ ಹಾಕದೆ ಇಳಿದೆ. ಹಿಂದಿನ ಸೀಟಿಗೆ ಮೂಟೆಯೊಂದನ್ನು ನೂಕಿದ ಕುಲುಕಿಗೇ ಕಾರು ಹೊರಟಿತು. ಕಣದ ಕೆಳತುದಿಯಲ್ಲಿ ಕೆಲಸದವರ ಮಕ್ಕಳು ಆಡುತ್ತಿದ್ದರು. ಯಾರೋ ಕೂಗಿದರು, ಮಕ್ಕಳು ಓಡಿದರು, ಕಾರು ಮೋಟುಗೋಡೆಗೆ ತಾಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಡ್ರಮ್ಮುಗಳನ್ನು ಬಿಚ್ಚಿಸಿದಾಗ ಎಡಗಡೆಯ ಲೈನರ್ ಪೂರಾ ಸವೆದಿತ್ತು. ಬಲಗಡೆಯದು ಬ್ರೇಕ್ ಆಯಿಲ್‌ನಲ್ಲಿ ತೊಯ್ದಿತ್ತು. ನಾನು ಮೂರು ಸಲ ಬಿಗಿ ಮಾಡಿದ್ದು ಈ ಎರಡು ರೋಗಗಳನ್ನು ಮುಚ್ಚಿಡಲು ಮಾತ್ರ ಉಪಯೋಗವಾಗಿತ್ತು. ಆದ್ದರಿಂದ ಈ ಪಾಠದ ಸಾರ ಒಂದೇ: ಲಿವರಿನ ನಟ್ಟು ಕೊನೆಯ ಕೆಲಸವೇ ಹೊರತು ಮೊದಲನೆಯದಲ್ಲ.

ಕೆಲಸ ಮಾಡುವ ಬಗೆ

ಇಂಥ ಕಾರುಗಳ ಹ್ಯಾಂಡ್ ಬ್ರೇಕ್‌ಗೆ ಆಯಿಲ್‌ನ ಸಂಬಂಧವಿಲ್ಲ. ಲಿವರ್ ಎಳೆದಾಗ ಉಕ್ಕಿನ ಕೇಬಲ್ ಹಿಂದಿನ ಎರಡು ಚಕ್ರಗಳ ಡ್ರಮ್ಮಿನೊಳಗಿನ ಸಣ್ಣ ಸನ್ನೆಗಳನ್ನು ಎಳೆಯುತ್ತದೆ. ಆ ಸನ್ನೆಗಳು ಬ್ರೇಕ್ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತವೆ. ಕಾಲಿನ ಬ್ರೇಕ್ ಹಿಂದಿನ ಚಕ್ರಗಳಲ್ಲಿ ಒತ್ತುವುದೂ ಇದೇ ಶೂಗಳನ್ನು. ಲೈನರ್ ಸವೆದಂತೆ ಶೂವಿಗೂ ಡ್ರಮ್ಮಿಗೂ ನಡುವಿನ ಅಂತರ ಹೆಚ್ಚುತ್ತದೆ, ಲಿವರ್ ಮೇಲೆ ಬರುತ್ತದೆ. ಆ ಅಂತರವನ್ನು ತುಂಬಬೇಕಾದದ್ದು ಡ್ರಮ್ಮಿನೊಳಗಿನ ಅಡ್ಜಸ್ಟರ್. ಕೆಲವು ಕಾರುಗಳಲ್ಲಿ ಅದು ತಾನಾಗಿಯೇ ಹೊಂದಿಕೊಳ್ಳುತ್ತದೆ, ಕೆಲವದರಲ್ಲಿ ಕೈಯಿಂದ ತಿರುಗಿಸಬೇಕು. ಕೇಬಲನ್ನು ಅತಿಯಾಗಿ ಬಿಗಿದರೆ ಒಳಗಿನ ಸನ್ನೆ ತನ್ನ ಸ್ಥಾನಕ್ಕೆ ಮರಳುವುದಿಲ್ಲ. ಆಗ ತಾನಾಗಿ ಹೊಂದಿಕೊಳ್ಳುವ ಅಡ್ಜಸ್ಟರೂ ಕೆಲಸ ನಿಲ್ಲಿಸುತ್ತದೆ. ಶೂ ಸದಾ ಉಜ್ಜಿ, ಕಾದು, ಇನ್ನೂ ಬೇಗ ಸವೆಯುತ್ತದೆ.

ಮೊದಲು ಸುರಕ್ಷತೆ

ಹ್ಯಾಂಡ್ ಬ್ರೇಕ್ ರಿಪೇರಿಗೆ ಹೊರಟವನ ಕಾರಿಗೆ ಹ್ಯಾಂಡ್ ಬ್ರೇಕ್ ಇರುವುದಿಲ್ಲ ಎಂಬುದನ್ನು ಮರೆಯಬಾರದು. ಗಟ್ಟಿಯಾದ ಸಮತಟ್ಟು ನೆಲ ಬೇಕು. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ಬೆಣೆ ಕೊಡಿ. ಅಡಿಕೆ ಮರದ ತುಂಡಾಗಲಿ ಗುಂಡುಕಲ್ಲಾಗಲಿ ಬೇಡ, ಅವು ಉರುಳುತ್ತವೆ.

ಮಾರುತಿ 800ರಲ್ಲಿ ಇಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಆದ್ದರಿಂದ ಹಿಂಭಾಗ ಎತ್ತಿದಾಗಲೂ ಗೇರಿನಲ್ಲಿ ನಿಲ್ಲಿಸಿದರೆ ಸಹಾಯವಾಗುತ್ತದೆ. ಅಂಬಾಸಿಡರಿನಲ್ಲಿ ಗೇರ್ ಹಿಡಿಯುವುದು ಹಿಂದಿನ ಚಕ್ರಗಳನ್ನೇ. ಅವನ್ನು ನೆಲದಿಂದ ಎತ್ತಿದ ಮೇಲೆ ಗೇರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬೆಣೆಗಳೇ ಗತಿ.

ಚಕ್ರದ ನಟ್ಟುಗಳನ್ನು ಎತ್ತುವ ಮೊದಲೇ ಸ್ವಲ್ಪ ಸಡಿಲಿಸಿರಿ. ಜಾಕ್ ಎತ್ತಲು ಮಾತ್ರ. ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿರಿ. ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬಾರದು. ಹಳೆಯ ಲೈನರುಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಬಾಯಿಂದಾಗಲಿ ಪಂಪಿನಿಂದಾಗಲಿ ಊದಲೇಬಾರದು. ಅದು ಶ್ವಾಸಕೋಶಕ್ಕೆ ಮಾರಕ. ಮೂಗಿಗೆ ಮಾಸ್ಕ್ ಕಟ್ಟಿ, ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಿರಿ.

ಕೆಲಸದ ಕ್ರಮ

1. ಲಿವರನ್ನು ಪೂರ್ತಿ ಇಳಿಸಿ, ಅದರ ಬುಡದ ನಟ್ಟನ್ನು ಸಡಿಲಿಸಿರಿ. ಕೇಬಲ್ ಬಿಗಿಯಾಗಿದ್ದರೆ ಡ್ರಮ್ ಹೊರಬರುವುದಿಲ್ಲ.

2. ಚಕ್ರ ಕಳಚಿ ಡ್ರಮ್ ತೆಗೆಯಿರಿ. ಹಿಡಿದುಕೊಂಡಿದ್ದರೆ ಸುತ್ತಲೂ ಮೆಲ್ಲಗೆ ತಟ್ಟಿರಿ. ಕೆಲವು ಡ್ರಮ್ಮುಗಳಲ್ಲಿ ಥ್ರೆಡ್ ಇರುವ ಎರಡು ತೂತುಗಳಿರುತ್ತವೆ; ಅವಕ್ಕೆ ಬೋಲ್ಟ್ ಹಾಕಿ ಸಮನಾಗಿ ತಿರುಗಿಸಿದರೆ ಡ್ರಮ್ ತಾನೇ ಹೊರಬರುತ್ತದೆ. ಒಂದು ಬದಿ ಬಿಚ್ಚಿದಾಗ ಇನ್ನೊಂದು ಬದಿ ಹಾಗೇ ಇರಲಿ. ಸ್ಪ್ರಿಂಗ್ ಎಲ್ಲಿತ್ತು ಎಂಬ ಗೊಂದಲವಾದರೆ ಆ ಬದಿಯೇ ನಿಮಗೆ ಪುಸ್ತಕ. ಡ್ರಮ್ ತೆಗೆದಿರುವಾಗ ಕಾಲಿನ ಬ್ರೇಕ್ ಯಾರೂ ತುಳಿಯಬಾರದು.

3. ಲೈನರ್ ನೋಡಿರಿ. ರಿವೆಟ್ ಹೊಡೆದ ಲೈನರ್ ಆದರೆ ರಿವೆಟ್ಟಿನ ತಲೆಯ ಮಟ್ಟಕ್ಕೆ ಸವೆಯುವ ಮೊದಲೇ ಬದಲಿಸಬೇಕು. ಆಯಿಲ್ ಕುಡಿದ ಲೈನರನ್ನು ಸೀಮೆಎಣ್ಣೆಯಲ್ಲಾಗಲಿ ಪೆಟ್ರೋಲಿನಲ್ಲಾಗಲಿ ತೊಳೆದು ಹಾಕುವುದು ಸಲ್ಲ; ಅದು ಮತ್ತೆ ಹಿಡಿಯುವುದಿಲ್ಲ. ಬದಲಿಸುವಾಗ ಎರಡೂ ಚಕ್ರದ ಶೂಗಳನ್ನು ಒಟ್ಟಿಗೇ ಬದಲಿಸಿರಿ.

4. ಆಯಿಲ್ ಎಲ್ಲಿಂದ ಬಂತೆಂದು ಹುಡುಕಿರಿ. ಅದು ವೀಲ್ ಸಿಲಿಂಡರಿನ ಸೋರಿಕೆಯಾದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸಿರಿ. ಅದು ಕಾಲಿನ ಬ್ರೇಕಿನ ಪ್ರಶ್ನೆ.

5. ಕೇಬಲನ್ನು ಪರೀಕ್ಷಿಸಿರಿ. ತುದಿ ಕಳಚಿ ಎಳೆದರೆ ಒಳಗಿನ ತಂತಿ ಸರಾಗವಾಗಿ ಸರಿದಾಡಬೇಕು. ನಮ್ಮ ಮಳೆಗಾಲದಲ್ಲಿ ಹೊರಗಿನ ರಬ್ಬರ್ ಹರಿದಲ್ಲಿಂದ ಕೆಸರುನೀರು ಹೊಕ್ಕು ತುಕ್ಕು ಹಿಡಿಯುತ್ತದೆ. ಎಣ್ಣೆ ಬಿಟ್ಟರೆ ನಾಲ್ಕು ದಿನದ ಉಪಶಮನ ಅಷ್ಟೆ. ತಂತಿಯ ಒಂದು ಎಳೆ ತುಂಡಾಗಿದ್ದರೂ ಹೊಸ ಕೇಬಲ್ ಹಾಕಿರಿ.

6. ಅಡ್ಜಸ್ಟರ್ ಬಿಡಿಸಿ ತುಕ್ಕು ತೆಗೆಯಿರಿ. ಶೂ ಉಜ್ಜುವ ತಟ್ಟೆಯ ಉಬ್ಬುಗಳಿಗೆ ಶಾಖ ತಡೆಯುವ ಗ್ರೀಸನ್ನು ಚೂರೇ ಚೂರು ಸವರಿರಿ. ಲೈನರಿಗಾಗಲಿ ಡ್ರಮ್ಮಿನ ಒಳಮೈಗಾಗಲಿ ಅದು ತಾಗಕೂಡದು.

7. ಡ್ರಮ್ ಕೂರಿಸಿ, ಅಡ್ಜಸ್ಟರನ್ನು ಚಕ್ರ ಹಿಡಿಯುವ ತನಕ ಬಿಗಿಮಾಡಿ, ಮತ್ತೆ ಚಕ್ರ ಸರಾಗವಾಗಿ ತಿರುಗುವಷ್ಟು ಸಡಿಲಿಸಿರಿ. ತಾನಾಗಿ ಹೊಂದುವ ಬಗೆಯದಾದರೆ ಕಾಲಿನ ಬ್ರೇಕನ್ನು ಹಲವು ಸಲ ತುಳಿಯಿರಿ.

8. ಈಗ, ಈಗ ಮಾತ್ರ, ಲಿವರಿನ ನಟ್ಟಿಗೆ ಬನ್ನಿರಿ. ಸಾಮಾನ್ಯವಾಗಿ ನಾಲ್ಕರಿಂದ ಏಳೆಂಟು 'ಟಿಕ್' ಒಳಗೆ ಬ್ರೇಕ್ ಹಿಡಿಯಬೇಕು. ನಿಮ್ಮ ಕಾರಿನ ಕೈಪಿಡಿಯಲ್ಲಿ ಸರಿಯಾದ ಲೆಕ್ಕವಿದ್ದರೆ ಅದನ್ನೇ ಪಾಲಿಸಿರಿ. ಲಿವರ್ ಎಳೆದಾಗ ಎರಡು ಚಕ್ರಗಳೂ ಕೈಯಿಂದ ತಿರುಗಬಾರದು. ಬಿಟ್ಟಾಗ ಎರಡೂ ಸರಾಗವಾಗಿ ತಿರುಗಬೇಕು.

ಪರೀಕ್ಷೆ

ಕಾರನ್ನು ಇಳಿಸಿ, ಚಕ್ರದ ನಟ್ಟುಗಳನ್ನು ಬಿಗಿಮಾಡಿ, ಮೊದಲು ಕಾಲಿನ ಬ್ರೇಕ್ ಗಟ್ಟಿಯಾಗಿದೆಯೇ ನೋಡಿರಿ. ಬಳಿಕ ಕೆಳಗಡೆ ಯಾರೂ ಇಲ್ಲದ ಸಣ್ಣ ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ಕಾಲನ್ನು ಪೆಡಲಿನ ಮೇಲೆಯೇ ಇಟ್ಟುಕೊಂಡು ಮೆಲ್ಲಗೆ ಸಡಿಲಿಸಿರಿ. ನಾಲ್ಕಾರು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಡ್ರಮ್ಮಿನ ಸಮೀಪಕ್ಕೆ ಕೈ ಹಿಡಿದು ನೋಡಿರಿ. ಒಂದು ಬದಿ ಹೆಚ್ಚು ಕಾದಿದ್ದರೆ ಅಲ್ಲಿ ಶೂ ಉಜ್ಜುತ್ತಿದೆ ಎಂದರ್ಥ. ಶೂ ಬದಲಿಸಿದ್ದರೆ, ಮೊದಲ ಸಲವಾದರೂ ಅನುಭವಸ್ಥ ಮೆಕ್ಯಾನಿಕ್‌ಗೆ ತೋರಿಸಿಯೇ ಘಟ್ಟ ಇಳಿಯಿರಿ.

ಜೀಪು ಇರುವವರಿಗೆ

ವಿಲ್ಲಿಸ್ ಮಾದರಿಯ ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರಗಳಲ್ಲಿಲ್ಲ. ಅದರ ಡ್ರಮ್ ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟಿನ ಮೇಲಿದೆ. ಇಲ್ಲಿ ಲೈನರನ್ನು ಕೆಡಿಸುವುದು ಹೆಚ್ಚಾಗಿ ಟ್ರಾನ್ಸ್‌ಫರ್ ಕೇಸಿನ ಸೀಲಿನಿಂದ ಸೋರುವ ಗೇರ್ ಆಯಿಲ್. ಸೀಲ್ ಬದಲಿಸದೆ ಲೈನರ್ ಬದಲಿಸುವುದು ದಂಡ. ಇನ್ನೊಂದು ಎಚ್ಚರಿಕೆ: ಹಿಂದಿನ ಒಂದೇ ಚಕ್ರವನ್ನು ಜಾಕಿನಲ್ಲಿ ಎತ್ತಿದರೆ, ಶಾಫ್ಟ್ ಹಿಡಿದಿದ್ದರೂ ಡಿಫರೆನ್ಷಿಯಲ್‌ನಿಂದಾಗಿ ಎತ್ತಿದ ಚಕ್ರ ಹಿಂದಕ್ಕೆ ತಿರುಗಿ, ನೆಲದಲ್ಲಿರುವ ಚಕ್ರ ಮುಂದಕ್ಕೆ ಉರುಳುತ್ತದೆ. ಪಂಕ್ಚರ್ ಹಾಕುವಾಗ ಜೀಪು ಜಾಕಿನಿಂದ ಜಾರುವುದು ಹೀಗೆ. ಬೆಣೆಯಿಲ್ಲದೆ ಎತ್ತಬೇಡಿರಿ.

ನಿಲ್ಲಿಸುವ ಅಭ್ಯಾಸ

ಬ್ರೇಕ್ ಎಷ್ಟೇ ಚೆನ್ನಾಗಿದ್ದರೂ ಇಳಿಜಾರಿನಲ್ಲಿ ಗೇರ್ ಹಾಕಿಯೇ ಇಳಿಯಿರಿ. ಏರುಮುಖವಾಗಿದ್ದರೆ ಒಂದನೇ ಗೇರ್, ಇಳಿಮುಖವಾಗಿದ್ದರೆ ರಿವರ್ಸ್. ಕಾರು ಉರುಳಿದರೂ ಧರೆಗೆ ಹೋಗಿ ನಿಲ್ಲುವಂತೆ ಚಕ್ರ ತಿರುಗಿಸಿಡಿರಿ. ಮಳೆಗಾಲದಲ್ಲಿ ವಾರಗಟ್ಟಲೆ ಶೆಡ್ಡಿನಲ್ಲಿ ನಿಲ್ಲಿಸುವುದಾದರೆ, ಶೂ ಡ್ರಮ್ಮಿಗೆ ಅಂಟಿಕೊಳ್ಳದಂತೆ ಹ್ಯಾಂಡ್ ಬ್ರೇಕ್ ಬಿಟ್ಟು, ಗೇರ್ ಹಾಕಿ, ಬೆಣೆ ಕೊಡಿರಿ.

ಹಳೆಯ ಮೋಟುಗೋಡೆಯ ಕಲ್ಲೊಂದು ಈಗಲೂ ನಮ್ಮ ಕಣದಲ್ಲಿ ವಾಲಿಕೊಂಡೇ ಇದೆ. ಅದನ್ನು ಸರಿಪಡಿಸಲು ಮೇಸ್ತ್ರಿ ಎರಡು ಸಲ ಕೇಳಿದ. ಇರಲಿ ಬಿಡು ಎಂದಿದ್ದೇನೆ. ಕೊಯಿಲು ಶುರುವಾಗುವ ಮೊದಲು ಅದನ್ನು ನೋಡಿಯೇ ಡ್ರಮ್ ಬಿಚ್ಚುತ್ತೇನೆ. ತಾವೂ ಈ ಸಲದ ಕೊಯಿಲಿಗೆ ಮುಂಚೆ ಒಂದು ಭಾನುವಾರವನ್ನು ಇದಕ್ಕೆ ಮೀಸಲಿಡಬೇಕೆಂದು ವಿನಂತಿ.

— ಕಾರ್ಯದರ್ಶಿ