ಉಳುಕಿದ ಕೀಲು

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿರುವ ಕೆಂಭಾವಿಯು ಶರಣ ಭೋಗಣ್ಣನ ಹೆಸರಿನೊಡನೆ ಬೆಸೆದುಕೊಂಡ ಊರು. ಸುತ್ತಲಿನ ಎರೆಭೂಮಿಯಲ್ಲಿ ಹತ್ತಿ, ತೊಗರಿ ಬೆಳೆಯುತ್ತವೆ; ಕಾಲುವೆಯ ನೀರು ಹರಿದೆಡೆ ಬತ್ತ. ಈ ಸೀಮೆಯ ಬದುಕು ಮೈಬಲವನ್ನು ನಂಬಿದುದು. ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಹೊತ್ತು ಮುಳುಗುವವರೆಗೂ ನಡು ಬಗ್ಗಿಸಿರುತ್ತಾರೆ. ಹಮಾಲರು ತೊಗರಿಯ ಚೀಲವನ್ನು ಬೆನ್ನಿಗೇರಿಸುತ್ತಾರೆ. ಜಾತ್ರೆ ಬಂದಿತೆಂದರೆ ತರುಣರು ಸಂಗ್ರಾಣಿ ಕಲ್ಲನ್ನೆತ್ತಿ ತಮ್ಮ ಕಸುವನ್ನು ತೋರುತ್ತಾರೆ. ಎರೆಮಣ್ಣಾದರೋ ಮಳೆಗಾಲದಲ್ಲಿ ಜಾರುತ್ತದೆ, ಬೇಸಿಗೆಯಲ್ಲಿ ಬಾಯಿಬಿಡುತ್ತದೆ. ಆ ಬಿರುಕಿನಲ್ಲಿ ಪಾದ ಸಿಕ್ಕಿ ತಿರುಚಿದರೆ ಕಾಲು ಉಳುಕಿತೆಂದೇ ಅರ್ಥ. ಉಳುಕನ್ನು ಕಾಣದ ಮನೆ ಇಲ್ಲಿ ಅಪರೂಪ.

ಉಳುಕೆಂದರೇನು? ಎಲುಬಿಗೆ ಎಲುಬನ್ನು ಬಂಧಿಸುವ ಗಟ್ಟಿಯಾದ ಪಟ್ಟಿಗಳಿಗೆ ಅಸ್ಥಿರಜ್ಜುಗಳೆಂದು ಹೆಸರು. ಕೀಲು ತನ್ನ ಎಲ್ಲೆಯನ್ನು ಮೀರಿ ತಿರುಗಿದಾಗ ಇವುಗಳ ಎಳೆಗಳು ಹಿಗ್ಗುತ್ತವೆ ಅಥವಾ ಹರಿಯುತ್ತವೆ. ಪಾದವು ಒಳಮಗ್ಗುಲಿಗೆ ಹೊರಳಿ ಹೊರಬದಿಯ ರಜ್ಜುವಿಗೆ ಪೆಟ್ಟಾಗುವುದೇ ಹೆಚ್ಚು. ಭಾರವೆತ್ತುವಾಗ ಇಲ್ಲವೆ ಓಡುವಾಗ ಮಾಂಸಖಂಡದ ಎಳೆಗಳೇ ಹರಿಯುವುದುಂಟು. ಜನರು ಇದನ್ನು ‘ನರ ಹಿಡಿಯಿತು’ ಎನ್ನುತ್ತಾರೆ. ನರಕ್ಕೂ ಇದಕ್ಕೂ ಸಾಮಾನ್ಯವಾಗಿ ಸಂಬಂಧವಿಲ್ಲ. ಆದರೆ ಮಾತು ಬಳಕೆಯಲ್ಲಿ ನಿಂತುಬಿಟ್ಟಿದೆ.

ಕಾಲು ಉಳುಕಿದೊಡನೆ ಅದನ್ನು ಹಿಡಿದೆಳೆಯುವವರು, ಎಣ್ಣೆ ಹಚ್ಚಿ ಬಲವಾಗಿ ನೀವುವವರು, ಇಟ್ಟಿಗೆಯನ್ನು ಕಾಯಿಸಿ ಶಾಖ ಕೊಡುವವರು ಮುಂದೆ ಬರುತ್ತಾರೆ. ಅವರ ಅಕ್ಕರೆ ದೊಡ್ಡದು. ಆದರೆ ಆ ಹೊತ್ತು ಅದಕ್ಕೆ ತಕ್ಕುದಲ್ಲ. ಮೊದಲ ಎರಡು ಮೂರು ದಿನ ಒಳಗೆ ಸೂಕ್ಷ್ಮ ರಕ್ತನಾಳಗಳು ಒಡೆದಿರುತ್ತವೆ. ಆಗ ತಿಕ್ಕುವುದರಿಂದಲೂ ಕಾಸುವುದರಿಂದಲೂ ರಕ್ತ ಇನ್ನಷ್ಟು ಒಸರಿ ಬಾವು ಏರುತ್ತದೆ. ಕಾಲನ್ನು ದಿಂಬಿನ ಮೇಲೆ ಎದೆಗಿಂತ ಎತ್ತರದಲ್ಲಿಡಬೇಕು. ಹಿಗ್ಗುವ ಬಟ್ಟೆಯನ್ನು ಹದವಾಗಿ ಸುತ್ತಬೇಕು. ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ ಕಟ್ಟನ್ನು ಕೂಡಲೇ ಸಡಿಲಿಸಬೇಕು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ ಇಟ್ಟರೆ ನೋವು ತಗ್ಗುತ್ತದೆ. ಗಾಯವು ಬೇಗ ಮಾಗುತ್ತದೆಂಬ ಮಾತು ಮಾತ್ರ ಈಗ ಉಳಿದಿಲ್ಲ. 1978ರಲ್ಲಿ ವಿಶ್ರಾಂತಿ, ಮಂಜುಗಡ್ಡೆ, ಬಿಗಿಕಟ್ಟು, ಎತ್ತರ ಎಂಬ ನಾಲ್ಕು ಸೂತ್ರಗಳನ್ನು ಪ್ರಚಾರಕ್ಕೆ ತಂದ ಅಮೆರಿಕದ ವೈದ್ಯ ಗೇಬ್ ಮರ್ಕಿನ್ ಅವರೇ ಹಲವು ದಶಕಗಳ ತರುವಾಯ, ಮಂಜುಗಡ್ಡೆಯೂ ಪೂರ್ಣ ವಿಶ್ರಾಂತಿಯೂ ಮಾಗುವಿಕೆಯನ್ನು ತಡಮಾಡಬಹುದೆಂದು ಬರೆದರು. ತಮ್ಮ ಮಾತನ್ನು ತಾವೇ ತಿದ್ದಿಕೊಳ್ಳುವ ಈ ಗುಣ ಶಾಸ್ತ್ರಕ್ಕೆ ಶೋಭೆ.

ಪೆಟ್ಟಾದ ಕಾಲಿನ ಮೇಲೆ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಎಲುಬನ್ನು ಒತ್ತಿದೆಡೆ ನೋವಾದರೆ, ಕೀಲಿನ ಆಕಾರ ಬದಲಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ಎಕ್ಸ್-ರೇ ತೆಗೆಸಬೇಕು. ಒಂಬತ್ತನೆಯ ತರಗತಿಯ ವಯಸ್ಸಿನವರಿಗೆ ಈ ಮಾತು ಇನ್ನೂ ಮುಖ್ಯ. ಬೆಳೆಯುವ ಎಲುಬಿನ ತುದಿಯ ಬಳಿ ಮೃದ್ವಸ್ಥಿಯ ಪದರವೊಂದಿರುತ್ತದೆ. ಅದು ಅಸ್ಥಿರಜ್ಜುವಿಗಿಂತ ದುರ್ಬಲ. ದೊಡ್ಡವರಲ್ಲಿ ಉಳುಕಾಗುವ ಪೆಟ್ಟು ಮಕ್ಕಳಲ್ಲಿ ಆ ಪದರವನ್ನೇ ಮುರಿಯಬಹುದು. ಅದನ್ನು ಉಳುಕೆಂದು ಎಳೆದು ನೀವಿದರೆ ಎಲುಬಿನ ಬೆಳವಣಿಗೆಯೇ ಕೆಟ್ಟೀತು.

ಎಲುಬು ನೆಟ್ಟಗಿದೆಯೆಂದು ತಿಳಿದ ಮೇಲೆ ನಿಜವಾದ ಕೆಲಸ ಮೊದಲಾಗುತ್ತದೆ. ಹರಿದೆಡೆಯಲ್ಲಿ ದೇಹವು ಹೊಸ ಎಳೆಗಳನ್ನು ನೇಯುತ್ತದೆ. ಆ ಎಳೆಗಳು ಮೊದಲು ಹುಲ್ಲಿನ ಬಣವೆಯಂತೆ ಅಡ್ಡಾದಿಡ್ಡಿಯಾಗಿರುತ್ತವೆ. ಹಿತಮಿತವಾದ ಎಳೆತ ದೊರೆತಾಗ ಮಾತ್ರ ಅವು ಒಂದೇ ದಿಕ್ಕಿಗೆ ಸಾಲುಗೂಡಿ ಗಟ್ಟಿಯಾಗುತ್ತವೆ. ಮಾಂಸಖಂಡಕ್ಕೆ ರಕ್ತದ ಪೂರೈಕೆ ಹೇರಳವಾದುದರಿಂದ ಅದು ಬೇಗ ಕೂಡಿಕೊಳ್ಳುತ್ತದೆ. ಅಸ್ಥಿರಜ್ಜುವಿಗೆ ರಕ್ತ ಕಡಿಮೆ. ಅದು ಪೂರ್ಣವಾಗಿ ಬಲಗೊಳ್ಳಲು ತಿಂಗಳುಗಳೇ ಬೇಕು. ನೋವಾದರೋ ಎರಡು ಮೂರು ವಾರಗಳಲ್ಲಿಯೇ ಮಾಯವಾಗಬಹುದು. ಮೋಸವಿರುವುದು ಇಲ್ಲಿ. ನೋವಿಲ್ಲವೆಂದು ಕಬಡ್ಡಿಯ ಅಂಗಳಕ್ಕಿಳಿದ ಹುಡುಗನ ಕಾಲು ಮತ್ತೆ ಅದೇ ಎಡೆಯಲ್ಲಿ ಹೊರಳುತ್ತದೆ.

ಕನ್ನಡಿಗರೆಲ್ಲರೂ ಬಲ್ಲ ನಿದರ್ಶನವೊಂದುಂಟು. ಬೆಂಗಳೂರಿನ ಅನಿಲ್ ಕುಂಬ್ಳೆಯವರ ಬೌಲಿಂಗ್ ಮಾಡುವ ಭುಜಕ್ಕೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ನಡೆಯಿತು. 2001ರ ಮಾರ್ಚ್‌ನಲ್ಲಿ ಭಾರತವು ಆಸ್ಟ್ರೇಲಿಯವನ್ನು ಕೋಲ್ಕತ್ತದಲ್ಲಿ ಮಣಿಸಿ ಸರಣಿಯನ್ನು ಗೆದ್ದಾಗ ಅವರು ತಂಡದಲ್ಲಿರಲಿಲ್ಲ. ಕಣ್ಣೆದುರಿನ ಕೀರ್ತಿಗೆ ಆತುರಪಡದೆ ಅವರು ಭುಜವನ್ನು ಮೆಲ್ಲನೆ ಬಲಪಡಿಸಿಕೊಂಡರು. ಅದೇ ವರ್ಷದ ಡಿಸೆಂಬರ್‌ನಲ್ಲಿ ತಮ್ಮೂರಿನಲ್ಲಿಯೇ ಟೆಸ್ಟ್ ಪಂದ್ಯಗಳ ಮುನ್ನೂರನೆಯ ವಿಕೆಟ್ ಪಡೆದರು. 2008ರಲ್ಲಿ ನಿವೃತ್ತರಾದಾಗ ಆ ಸಂಖ್ಯೆ 619 ಆಗಿತ್ತು. ಅರ್ಧಕ್ಕಿಂತ ಕೊಂಚ ಕಡಿಮೆ ವಿಕೆಟ್ಟುಗಳು ಶಸ್ತ್ರಚಿಕಿತ್ಸೆಗೆ ಮುನ್ನ, ಉಳಿದುವು ತರುವಾಯ!

ಆದರೆ ಆಟಗಾರನಿಗೆ ದೊರೆತ ಬಿಡುವು ಹಮಾಲನಿಗೆ ಎಲ್ಲಿಂದ ದೊರೆಯಬೇಕು? ಒಂದು ದಿನ ಕೂತರೆ ಒಂದು ದಿನದ ಕೂಲಿ ಹೋಯಿತು. ಕಟ್ಟಡ ಕೆಲಸಕ್ಕೆಂದು ಈ ಜಿಲ್ಲೆಯಿಂದ ಬೆಂಗಳೂರಿಗೂ ಮುಂಬಯಿಗೂ ಹೋಗುವವರ ಪಾಡೂ ಅದೇ. ಅರೆ ಮಾಗಿದ ಬೆನ್ನಿನ ಮೇಲೆ ಚೀಲ ಹೊತ್ತು ವರ್ಷಗಟ್ಟಲೆ ನರಳುವವರನ್ನು ಅವಿವೇಕಿಗಳೆನ್ನುವುದು ನ್ಯಾಯವಲ್ಲ. ಇಂಥವರಿಗೆ ಪೂರ್ಣ ವಿಶ್ರಾಂತಿಯ ಉಪದೇಶಕ್ಕಿಂತ ಹಗುರ ಕೆಲಸದ ಏರ್ಪಾಡು ಮೇಲು: ಚೀಲ ಹೊರುವ ಬದಲು ಚೀಲದ ಬಾಯಿ ಹೊಲಿಯುವುದು, ತೂಕದ ಲೆಕ್ಕ ಬರೆಯುವುದು, ಕಾಳು ಹಸನು ಮಾಡುವುದು. ಹೊರೆಯನ್ನು ಮೊದಲು ಕಾಲುಭಾಗ, ಮೇಲೆ ಅರ್ಧ ಎಂದು ಏರಿಸಿದರೆ ಮಾಗುವ ಎಳೆಗಳಿಗೂ ಅದು ಒಪ್ಪುತ್ತದೆ. ಇದಕ್ಕೆ ಬೇಕಾದುದು ಔಷಧಿಯಲ್ಲ, ಕೆಲಸ ಕೊಡುವವನ ಒಪ್ಪಿಗೆ.

ಉಳುಕಿದ ಕಾಲಿನ ಸಾಧನೆಗೆ ಹಣದ ಖರ್ಚಿಲ್ಲ. ಬಾವು ಇಳಿಯತೊಡಗಿದಾಗ ಹೊರಸಿನ ಮೇಲೆ ಕುಳಿತು, ಹೆಬ್ಬೆರಳಿನಿಂದ ಗಾಳಿಯಲ್ಲಿ ಅ, ಆ, ಇ, ಈ ಎಂದು ಅಕ್ಷರಗಳನ್ನು ಬರೆಯಬೇಕು. ನಮ್ಮ ಅಕ್ಷರಗಳು ದುಂಡಗಿರುವುದರಿಂದ ಕೀಲು ಎಲ್ಲ ದಿಕ್ಕಿಗೂ ತಿರುಗುತ್ತದೆ. ಮುಂದೆ ಗೋಡೆ ಹಿಡಿದು ಹಿಮ್ಮಡಿಯನ್ನೆತ್ತಿ ನಿಲ್ಲುವುದು. ಅನಂತರ ಒಂಟಿ ಕಾಲಿನ ಮೇಲೆ ನಿಲ್ಲುವುದು. ರಜ್ಜು ಹರಿದಾಗ ಕೀಲಿನ ನೆಲೆಯನ್ನು ಮಿದುಳಿಗೆ ತಿಳಿಸುವ ಸೂಕ್ಷ್ಮ ನರತುದಿಗಳಿಗೂ ಪೆಟ್ಟಾಗಿರುತ್ತದೆ. ಒಂಟಿ ಕಾಲಿನ ನಿಲುವು ಆ ಅರಿವನ್ನು ಮತ್ತೆ ಕಲಿಸುತ್ತದೆ. ಪೆಟ್ಟಾದ ಕಾಲಿನ ಮೇಲೆ ಒಳ್ಳೆಯ ಕಾಲಿನಷ್ಟೇ ಹೊತ್ತು ಅಲುಗದೆ ನಿಲ್ಲಲು, ನೋವಿಲ್ಲದೆ ಕುಪ್ಪಳಿಸಲು, ನೇರ ಓಡಿ ಬಳಿಕ ಥಟ್ಟನೆ ತಿರುಗಲು ಬಂದ ದಿನ ಹುಡುಗನು ಕಬಡ್ಡಿಯ ಗೆರೆಯನ್ನು ದಾಟಬಹುದು.