ಬೆಂಗಳೂರು ಬಿಟ್ಟು ಬೇರೆ ಊರಿಗೆ? ಮೊದಲು ಈ ಲೆಕ್ಕ ಹಾಕಿ

ಬೆಂಗಳೂರಿನಲ್ಲಿ ಹತ್ತು ಹದಿನೈದು ವರ್ಷ ದುಡಿದ ಮೇಲೆ ಮೈಸೂರಿಗೋ ಧಾರವಾಡಕ್ಕೋ ಮಂಗಳೂರಿಗೋ ಹೋಗಿ ನೆಲೆಸೋಣ ಅನ್ನಿಸುವುದು ಸಹಜ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್ ನೀರಿಗೆ ಕಾದು ಕೂತವರಿಗಂತೂ ಈ ಯೋಚನೆ ಮತ್ತೆ ಮತ್ತೆ ಬಂದಿರುತ್ತದೆ. ಆದರೆ ಹೆಚ್ಚಿನವರು ಎರಡು ಊರುಗಳನ್ನು ಹೋಲಿಸುತ್ತಾರೆ, ತಮ್ಮ ಮನೆಮಂದಿಯ ಎರಡು ಬದುಕುಗಳನ್ನು ಹೋಲಿಸುವುದಿಲ್ಲ. ಮೈಸೂರು ಒಳ್ಳೆಯ ಊರು, ಇದರಲ್ಲಿ ಎರಡು ಮಾತಿಲ್ಲ. ನಿಮ್ಮ ಮನೆಯಲ್ಲಿ ಯಾರಿಗೆ ಒಳ್ಳೆಯದು, ಈಗಲೇ ಒಳ್ಳೆಯದೇ, ಅದಕ್ಕೆ ಯಾರು ಏನನ್ನು ಬಿಟ್ಟುಕೊಡಬೇಕು ಎಂಬುದನ್ನು ಕೇಳಿಕೊಳ್ಳಬೇಕು. ಕೆಳಗಿನ ಸೂತ್ರಗಳು ಅದಕ್ಕಾಗಿ.

1. ಪ್ರತಿಯೊಬ್ಬರ ಒಂದು ದಿನವನ್ನು ಬರೆಯಿರಿ

ಲಾಭ ನಷ್ಟ ಎಂದು ಎರಡು ಕಾಲಂ ಹಾಕುವ ಮೊದಲು ಒಂದು ಮಾಮೂಲಿ ಮಂಗಳವಾರವನ್ನು ಬರೆಯಿರಿ. ಬೆಳಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ ಯಾರು ಎಲ್ಲಿಗೆ ಹೋಗುತ್ತಾರೆ, ಯಾರ ಜೊತೆ ಮಾತಾಡುತ್ತಾರೆ, ಯಾವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ? ಗಂಡ, ಹೆಂಡತಿ, ಮಕ್ಕಳು, ಅಜ್ಜ ಅಜ್ಜಿ ಎಲ್ಲರೂ ತಮ್ಮ ತಮ್ಮದನ್ನು ಬರೆಯಲಿ. ಆಮೇಲೆ ಹೊಸ ಊರಿನಲ್ಲಿ ಅದೇ ಮಂಗಳವಾರ ಹೇಗಿರುತ್ತದೆ ಎಂದು ಬರೆಯಲಿ.

ಗಂಡನಿಗೆ ಟ್ರಾಫಿಕ್‌ನಲ್ಲಿ ಕಳೆಯುವ ಎರಡು ಗಂಟೆ ಉಳಿಯಬಹುದು. ಹೆಂಡತಿಗೆ ಹದಿನೈದು ವರ್ಷ ಕಟ್ಟಿಕೊಂಡ ಕೆಲಸವೇ ಹೋಗಬಹುದು. ಅತ್ತೆಗೆ ನಡೆದು ಹೋಗಬಹುದಾದ ದೇವಸ್ಥಾನ, ಸಂಜೆ ಪಾರ್ಕಿನ ಗೆಳತಿಯರು, ಹೆಸರು ಹಿಡಿದು ಮಾತಾಡಿಸುವ ಡಾಕ್ಟರು ತಪ್ಪಿ ಹೋಗಬಹುದು. ಊರು ಬಿಡುವ ಮಾತು ತೆಗೆದವರಿಗೇ ಸಾಮಾನ್ಯವಾಗಿ ಲಾಭ ಜಾಸ್ತಿ ಇರುತ್ತದೆ. ಕಳೆದುಕೊಳ್ಳುವವರು ಮನೆಯ ನೆಮ್ಮದಿಗಾಗಿ ಸುಮ್ಮನಿರುತ್ತಾರೆ. ಆದ್ದರಿಂದ ಯಾರ ದಿನ ಹೆಚ್ಚು ಬದಲಾಗುತ್ತದೋ ಅವರ ಮಾತನ್ನು ಮೊದಲು ಕೇಳಿ, ಅವರ ಮಾತಿಗೆ ಹೆಚ್ಚು ತೂಕ ಕೊಡಿ. ಉಳಿದೆಲ್ಲ ಸೂತ್ರಗಳಿಗಿಂತ ಇದು ಮುಖ್ಯ ಎಂದು ನನ್ನ ನಂಬಿಕೆ.

2. ಬಿಡಬೇಕಾದ್ದು ಊರನ್ನೋ, ಬಡಾವಣೆಯನ್ನೋ?

ಬನಶಂಕರಿಯಿಂದ ವೈಟ್‌ಫೀಲ್ಡ್‌ಗೆ ದಿನಾ ಹೋಗಿಬರುವುದೇ ನಿಮ್ಮ ಸಂಕಟವಾದರೆ ಅದಕ್ಕೆ ಊರು ಬಿಡಬೇಕಾಗಿಲ್ಲ. ನೇರಳೆ ಮೆಟ್ರೊ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ 2023ರ ಅಕ್ಟೋಬರ್‌ನಲ್ಲಿ ಪೂರ್ತಿಯಾಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ನೀರಿನ ತೊಂದರೆಯಾದರೆ, ನಗರದಂಚಿನ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಚಾಲನೆ ಪಡೆದಿದೆ. ಕಾವೇರಿ ಸಂಪರ್ಕ ಇರುವ ಮನೆಗೆ ಬದಲಾಯಿಸಿದರೂ ಸಾಕಾದೀತು. ಇಷ್ಟಾದ ಮೇಲೂ ಹೋಗಬೇಕು ಅನ್ನಿಸಿದರೆ ಆ ಕಾರಣವನ್ನು ಒಂದೇ ವಾಕ್ಯದಲ್ಲಿ ಬರೆದಿಡಿ. ಬರೆಯಲು ಆಗದಿದ್ದರೆ ಆರು ತಿಂಗಳು ತಡೆಯಿರಿ.

3. ಈಗಿನ ಕೆಲಸದ ಜೊತೆಗೆ ಮುಂದಿನ ಕೆಲಸವನ್ನೂ ನೋಡಿ

ಮನೆಯಿಂದಲೇ ಕೆಲಸ ಮಾಡಬಹುದು ಎಂಬ ಭರವಸೆಯಲ್ಲಿ 2020–21ರಲ್ಲಿ ಸಾವಿರಾರು ಮಂದಿ ಊರು ಸೇರಿದರು. ಆಮೇಲೆ ಕಂಪನಿಗಳು ಒಂದೊಂದಾಗಿ ಆಫೀಸಿಗೆ ಬನ್ನಿ ಎಂದವು. ಮ್ಯಾನೇಜರ್ ಬಾಯಿಮಾತಿನಲ್ಲಿ ಒಪ್ಪಿದರೆ ಸಾಲದು, ಅವರೇ ನಾಳೆ ಬದಲಾಗುತ್ತಾರೆ. ಕೆಲಸದ ಸ್ಥಳ ಯಾವುದು ಎಂದು ಕಂಪನಿಯಿಂದ ಬರಹದಲ್ಲಿ ಪಡೆದುಕೊಳ್ಳಿ.

ಇನ್ನೂ ದೊಡ್ಡ ಪ್ರಶ್ನೆ ಒಂದಿದೆ. ಈ ಕೆಲಸ ಹೋದರೆ ಅದೇ ಊರಿನಲ್ಲಿ ಇನ್ನೊಂದು ಸಿಗುತ್ತದೆಯೇ? ಇನ್ಫೊಸಿಸ್‌ಗೆ ಮೈಸೂರು, ಮಂಗಳೂರು, ಹುಬ್ಬಳ್ಳಿ ಮೂರೂ ಕಡೆ ಕ್ಯಾಂಪಸ್ ಇದೆ. ಸರ್ಕಾರದ ‘ಬಿಯಾಂಡ್ ಬೆಂಗಳೂರು’ ಯೋಜನೆಯೂ ಈ ಊರುಗಳಿಗೆ ಕಂಪನಿಗಳನ್ನು ಕರೆತರಲು ಪ್ರಯತ್ನಿಸುತ್ತಿದೆ. ಆದರೂ ಬೆಂಗಳೂರಿನಲ್ಲಿ ಕಂಪನಿ ಬದಲಿಸಿದರೆ ಬಸ್ಸಿನ ನಂಬರ್ ಬದಲಾಗುತ್ತದೆ, ಈ ಊರುಗಳಲ್ಲಾದರೆ ಊರನ್ನೇ ಬದಲಿಸಬೇಕಾದೀತು. ಹೊಸ ಊರಿನಲ್ಲಿ ನಿಮ್ಮ ಅನುಭವಕ್ಕೆ, ಸಂಬಳಕ್ಕೆ ಹೊಂದುವ ಕನಿಷ್ಠ ಮೂರು ಸಂಸ್ಥೆಗಳ ಹೆಸರು ಹೇಳಲು ಆಗದಿದ್ದರೆ ಒಂದು ವರ್ಷದ ಮನೆಖರ್ಚನ್ನು ಕೈಯಲ್ಲಿ ಇಟ್ಟುಕೊಂಡೇ ಹೊರಡಿ. ಶಿಕ್ಷಕರು, ನರ್ಸ್‌ಗಳು, ಅಕೌಂಟೆಂಟ್‌ಗಳಿಗೆ ಈ ಭಯ ಕಡಿಮೆ. ಅವರಿಗೆ ಕೆಲಸ ಎಲ್ಲೆಡೆ ಸಿಗುತ್ತದೆ, ಸಂಬಳ ಇಳಿಯುವುದಕ್ಕೆ ಮಾತ್ರ ತಯಾರಿರಬೇಕು.

4. ಮಗು ಯಾವ ತರಗತಿಯಲ್ಲಿದೆ ಎಂಬುದೇ ಮುಹೂರ್ತ

ಒಂಬತ್ತು, ಹತ್ತನೇ ತರಗತಿಯ ಮಕ್ಕಳನ್ನು ಅಲುಗಾಡಿಸಬೇಡಿ. ಐದನೇ ತರಗತಿಯೊಳಗೆ, ಅಥವಾ ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯು ಸೇರುವಾಗ ಹೋಗುವುದು ಸುಲಭ. ರಾಜ್ಯದೊಳಗೇ ಆದರೆ ಟಿ.ಸಿ. ಪಡೆದು ಜೂನ್‌ಗೆ ಮೊದಲೇ ಶಾಲೆ ಗೊತ್ತು ಮಾಡಿಕೊಳ್ಳಿ. ಪಠ್ಯಕ್ರಮದ ಜೊತೆಗೆ ಪ್ರಥಮ ಭಾಷೆ ಯಾವುದು ಎಂದೂ ಕೇಳಿ.

ರಾಜ್ಯ ಬಿಟ್ಟು ಹೋಗುವವರು ಎರಡು ಸಲ ಯೋಚಿಸಬೇಕು. ತಮಿಳುನಾಡು 2006ರಲ್ಲಿ, ತೆಲಂಗಾಣ 2018ರಲ್ಲಿ, ಮಹಾರಾಷ್ಟ್ರ 2020ರಲ್ಲಿ ಶಾಲೆಗಳಲ್ಲಿ ತಮ್ಮ ಭಾಷೆಯ ಕಲಿಕೆಯನ್ನು ಕಡ್ಡಾಯ ಮಾಡುವ ಕಾನೂನು ತಂದಿವೆ. ನಮ್ಮಲ್ಲೂ 2015ರ ಕನ್ನಡ ಕಲಿಕಾ ಕಾಯ್ದೆ ಇದೆ. ಆರನೇ ತರಗತಿಗೆ ಪುಣೆ ಸೇರುವ ಮಗು ಮರಾಠಿಯನ್ನು ಅಕ್ಷರಮಾಲೆಯಿಂದ ಶುರುಮಾಡಬೇಕು.

ಸಿಇಟಿಯ ಅರ್ಹತೆ ಇದಕ್ಕಿಂತ ದೊಡ್ಡ ಸಂಗತಿ. ಬಹುಪಾಲು ಮಕ್ಕಳಿಗೆ ಅನ್ವಯಿಸುವ ನಿಯಮದ ಪ್ರಕಾರ ಒಂದನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ಕನಿಷ್ಠ ಏಳು ಶೈಕ್ಷಣಿಕ ವರ್ಷ ಕರ್ನಾಟಕದಲ್ಲಿ ಓದಿರಬೇಕು. ಹತ್ತನೇ ತರಗತಿ ಅಥವಾ ದ್ವಿತೀಯ ಪಿಯು ಎರಡರಲ್ಲಿ ಒಂದನ್ನು ಇಲ್ಲಿಯೇ ಪಾಸು ಮಾಡಿರಬೇಕು. ನಾಲ್ಕನೇ ತರಗತಿ ಮುಗಿಸಿ ಹೈದರಾಬಾದಿಗೆ ಹೋದ ಮಗು ಪಿಯು ಓದಲು ಮರಳಿದರೂ ಒಟ್ಟು ಆರೇ ವರ್ಷವಾಗುತ್ತದೆ. ಹೊರಡುವ ಮೊದಲು ಬೆರಳು ಮಡಚಿ ಲೆಕ್ಕ ಹಾಕಿ, ಒಂದೇ ವರ್ಷದ ಕೊರತೆ ಸರ್ಕಾರಿ ಸೀಟನ್ನು ಕಸಿಯಬಹುದು. ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲೇ ಓದಿರಬೇಕು. ಹಳ್ಳಿಯಿಂದ ಪಟ್ಟಣಕ್ಕೆ ಬರುವವರೂ ಇದನ್ನು ನೆನಪಿಡಬೇಕು. ಇನ್ನು 371(ಜೆ) ಸೌಲಭ್ಯ ಸಿಗುತ್ತದೆಂದು ಕಲಬುರಗಿ, ರಾಯಚೂರಿನ ಕಡೆ ಹೊರಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಈಗ ಹೋಗಿ ನೆಲೆಸಿದ ಮಾತ್ರಕ್ಕೆ ಅದು ಬರುವುದಿಲ್ಲ.

5. ಬಾಡಿಗೆ ಕಡಿಮೆ ಎಂಬ ಒಂದೇ ಅಂಕಿಗೆ ಮರುಳಾಗಬೇಡಿ

ಬಾಡಿಗೆಯಲ್ಲಿ ಉಳಿಯುವ ಹಣದಿಂದ ಈ ಖರ್ಚುಗಳನ್ನು ಕಳೆಯಿರಿ: ಬಿಎಂಟಿಸಿಯಷ್ಟು ಬಸ್ಸು ಇಲ್ಲದ ಊರಿನಲ್ಲಿ ಬೇಕಾಗುವ ಎರಡನೇ ಗಾಡಿ, ಮಂಗಳೂರಿನ ಸೆಕೆಗೆ ಎಸಿ, ಮದುವೆ ಮುಂಜಿಗೆ ಬೆಂಗಳೂರಿಗೆ ಹೋಗಿಬರುವ ಖರ್ಚು, ಕೈಬಿಟ್ಟು ಹೋಗುವ ಇನ್ನೊಬ್ಬರ ಸಂಬಳ. ಕೊನೆಯದನ್ನು ಬರೆಯಲು ಬಹಳ ಮಂದಿ ಮರೆಯುತ್ತಾರೆ, ಅದೇ ಎಲ್ಲಕ್ಕಿಂತ ದೊಡ್ಡ ಮೊತ್ತ.

ಮೊದಲ ವರ್ಷ ಹೊಸ ಊರಿನಲ್ಲಿ ಮನೆ, ಸೈಟು ಏನನ್ನೂ ಕೊಳ್ಳಬೇಡಿ. ಬೆಂಗಳೂರಿನ ಮನೆ ಮಾರಿದರೂ ಗಾಬರಿ ಬೀಳಬೇಕಾಗಿಲ್ಲ. ಮನೆ ಮಾರಿದ ಲಾಭದ ಮೇಲಿನ ತೆರಿಗೆ ವಿನಾಯಿತಿಗೆ ಇನ್ನೊಂದು ಮನೆ ಕೊಳ್ಳಲು ಎರಡು ವರ್ಷ, ಕಟ್ಟಿಸಲು ಮೂರು ವರ್ಷ ಕಾಲಾವಕಾಶವಿದೆ. ಅಷ್ಟರವರೆಗೆ ಹಣ ಎಲ್ಲಿಡಬೇಕು ಎಂದು ನಿಮ್ಮ ಆಡಿಟರ್‌ ಅವರನ್ನು ಮೊದಲೇ ಕೇಳಿ.

6. ಊರನ್ನು ಅದರ ಕಷ್ಟದ ತಿಂಗಳಲ್ಲಿ ನೋಡಿ

ಡಿಸೆಂಬರ್‌ನಲ್ಲಿ ಕರ್ನಾಟಕದ ಎಲ್ಲ ಊರೂ ಚೆಂದ. ಮಂಗಳೂರನ್ನು ಜುಲೈನಲ್ಲಿ ನೋಡಿ, ಬಟ್ಟೆ ಒಣಗದ ವಾರಗಳಲ್ಲಿ. ಕಲಬುರಗಿಯನ್ನು ಮೇ ತಿಂಗಳಲ್ಲಿ ನೋಡಿ, ಪಾದರಸ 40 ಡಿಗ್ರಿ ದಾಟಿದಾಗ. ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿರುವ ಬೆಂಗಳೂರಿನ ಹವೆಗೆ ಒಗ್ಗಿದ ಮೈ ಎರಡೂ ಕಡೆ ದಣಿಯುತ್ತದೆ, ಅದರಲ್ಲೂ ವಯಸ್ಸಾದವರ ಮೈ.

ನೀರಿನ ವಿಚಾರವನ್ನು ಮನೆ ತೋರಿಸುವ ಬ್ರೋಕರ್‌ ಹತ್ತಿರ ಕೇಳಬೇಡಿ, ಎದುರು ಮನೆಯ ಅಮ್ಮನನ್ನು ಕೇಳಿ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳಲ್ಲಿ ದಿನದ 24 ಗಂಟೆ ನೀರು ಕೊಡುವ ಪ್ರಯೋಗ 2008ರ ಹೊತ್ತಿಗೇ ಕೆಲವು ವಾರ್ಡುಗಳಲ್ಲಿ ಶುರುವಾಯಿತು. ಆದರೆ ಒಂದು ಬಡಾವಣೆಯಲ್ಲಿ ನಲ್ಲಿ ತಿರುಗಿಸಿದರೆ ನೀರು, ಪಕ್ಕದ ಬಡಾವಣೆಯಲ್ಲಿ ವಾರಗಟ್ಟಲೆ ಕಾಯುವುದು ಎಂಬ ಸ್ಥಿತಿಯನ್ನೂ ಹುಬ್ಬಳ್ಳಿಯವರು ಕಂಡಿದ್ದಾರೆ. ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತಿಗೆ, ಸಂಪು ಎಷ್ಟು ದೊಡ್ಡದು, ಈ ಮೂರನ್ನು ಕೇಳಿಯೇ ಅಡ್ವಾನ್ಸ್ ಕೊಡಿ.

7. ಕಾಯಿಲೆಯ ಹೆಸರು ಹಿಡಿದು ಆಸ್ಪತ್ರೆ ಹುಡುಕಿ

“ಅಲ್ಲೂ ಆಸ್ಪತ್ರೆ ಇದೆ” ಎಂಬ ಉತ್ತರ ಸಾಲದು. ಅಪ್ಪನಿಗೆ ಹೃದಯದ ತೊಂದರೆಯೆಂದರೆ ಜಯದೇವ ಸಂಸ್ಥೆಯ ಆಸ್ಪತ್ರೆ ಮೈಸೂರಿನಲ್ಲೂ ಕಲಬುರಗಿಯಲ್ಲೂ ಇದೆ. ಮಾನಸಿಕ ಆರೋಗ್ಯಕ್ಕೆ ಧಾರವಾಡದ ಡಿಮ್ಹಾನ್ಸ್ ಇದೆ. ಮಂಗಳೂರು–ಮಣಿಪಾಲದ ಕಡೆ ವೈದ್ಯಕೀಯ ಕಾಲೇಜುಗಳೇ ಸಾಲಾಗಿವೆ, ಈ ಒಂದು ವಿಚಾರದಲ್ಲಿ ಕರಾವಳಿಗೆ ಹೋಗುವವರು ನಿಶ್ಚಿಂತೆಯಿಂದಿರಬಹುದು. ಆದರೆ ನಿಮ್ಹಾನ್ಸ್‌ನಲ್ಲೇ ಚಿಕಿತ್ಸೆ ನಡೆಯುತ್ತಿದ್ದರೆ ಪ್ರತಿ ತಪಾಸಣೆಗೂ ಬೆಂಗಳೂರಿಗೇ ಬರಬೇಕಾಗುತ್ತದೆ. ನೀವು ನೋಡಿದ ಮನೆಯಿಂದ ರಾತ್ರಿ ಎರಡು ಗಂಟೆಗೆ ತುರ್ತು ಚಿಕಿತ್ಸೆಗೆ ಎಷ್ಟು ನಿಮಿಷ ಬೇಕು ಎಂದು ತಿಳಿದುಕೊಳ್ಳಿ.

8. ಮರಳಿ ಬರುವ ದಾರಿಯನ್ನೂ ಅಳೆಯಿರಿ

ಹೋದ ಮೇಲೂ ಬೆಂಗಳೂರಿನ ನಂಟು ಕಡಿಯುವುದಿಲ್ಲ. ಮೈಸೂರಿಗೆ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್ ಹೆದ್ದಾರಿ ಇದೆ, ಹೊತ್ತು ಹೊತ್ತಿಗೆ ರೈಲಿದೆ. ಆ ಹೆದ್ದಾರಿಯ ಮುಖ್ಯ ಪಥಗಳಲ್ಲಿ ಅದೇ ವರ್ಷದ ಆಗಸ್ಟ್‌ನಿಂದ ಬೈಕ್, ಸ್ಕೂಟರ್, ಆಟೊಗಳಿಗೆ ಪ್ರವೇಶವಿಲ್ಲ. ಬೈಕಿನಲ್ಲಿ ಓಡಾಡುವ ಯೋಚನೆ ಇದ್ದರೆ ಸರ್ವಿಸ್ ರಸ್ತೆಯೇ ಗತಿ. ಧಾರವಾಡಕ್ಕೆ 2023ರ ಜೂನ್‌ನಿಂದ ವಂದೇ ಭಾರತ್ ಓಡುತ್ತಿದೆ, ಬೆಳಗ್ಗೆ ಹತ್ತಿದರೆ ಮಧ್ಯಾಹ್ನಕ್ಕೆ ಊರು.

ಮಂಗಳೂರಿನ ಮಾತು ಬೇರೆ. ನಡುವೆ ಘಟ್ಟವಿದೆ. ಜೋರು ಮಳೆಯಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿಯುತ್ತದೆ. 2018ರಲ್ಲೂ 2024ರಲ್ಲೂ ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ ರೈಲು ಮಾರ್ಗ ದಿನಗಟ್ಟಲೆ ಬಂದ್ ಆಗಿತ್ತು. ವಯಸ್ಸಾದ ತಂದೆತಾಯಿ ಬೆಂಗಳೂರಿನಲ್ಲೇ ಉಳಿಯುವುದಾದರೆ ಮಳೆಗಾಲದಲ್ಲಿ ಅವರಿಗೆ ಆರೋಗ್ಯ ಕೆಟ್ಟಾಗ ತಕ್ಷಣ ಹೋಗಿ ನಿಲ್ಲಬಲ್ಲ ಒಬ್ಬರು ಬೆಂಗಳೂರಿನಲ್ಲೇ ಇರುವಂತೆ ನೋಡಿಕೊಳ್ಳಿ.

9. ನೆರೆಹೊರೆಯ ಮಾತು ಕಲಿಯಿರಿ

ಮಂಗಳೂರಿನಲ್ಲಿ ಕನ್ನಡದಲ್ಲಿ ವ್ಯವಹಾರ ಸಾಗುತ್ತದೆ. ಆದರೆ ಅಲ್ಲಿನ ಮನೆಯೊಳಗಿನ ಮಾತು ತುಳು, ಕೊಂಕಣಿ, ಬ್ಯಾರಿ. ಮೊದಲ ವರ್ಷದಲ್ಲೇ ತುಳುವಿನಲ್ಲಿ ಕುಶಲ ವಿಚಾರಿಸುವಷ್ಟು ಕಲಿತವರನ್ನು ಅಕ್ಕಪಕ್ಕದವರು ಬೇಗ ಹತ್ತಿರ ಸೇರಿಸಿಕೊಳ್ಳುತ್ತಾರೆ. ಧಾರವಾಡದಲ್ಲಿ ಕನ್ನಡವೇ ಆದರೂ ಮಾತಿನ ಲಯ ಬೇರೆ, ಊಟ ಬೇರೆ. ಮಕ್ಕಳು ಶಾಲೆಯಿಂದ ಆ ಮಾತನ್ನು ಮನೆಗೆ ತಂದರೆ ತಿದ್ದಬೇಡಿ.

10. ಜಮೀನಿನ ಕನಸನ್ನು ಬೇರೆ ಕಡತದಲ್ಲಿಡಿ

ಊರು ಬಿಡುವ ನಿರ್ಧಾರಕ್ಕೂ ತೋಟ ಮಾಡುವ ನಿರ್ಧಾರಕ್ಕೂ ಗಂಟು ಹಾಕಬೇಡಿ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ರದ್ದಾದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ನಿಜ. ಆದರೆ ಪಹಣಿ, ಮ್ಯುಟೇಶನ್, ಪೋಡಿ ಸರಿಯಿದೆಯೇ ಎಂದು ನೋಡಲೇಬೇಕು. ಅದು ಪರಿಶಿಷ್ಟರಿಗೆ ಮಂಜೂರಾದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ, ಸರ್ಕಾರದ ಅನುಮತಿಯಿಲ್ಲದ ಕ್ರಯ ನಿಲ್ಲುವುದಿಲ್ಲ. ಬಡ ಕುಟುಂಬಗಳ ಭೂಮಿ ಕೈತಪ್ಪದಿರಲಿ ಎಂದೇ ತಂದ ಕಾಯ್ದೆ ಅದು. ಅದನ್ನು ಗೌರವಿಸಿ ದೂರವಿರುವುದೇ ಸರಿ. ಹೊಸ ಊರಿನಲ್ಲಿ ಎರಡು ಮಳೆಗಾಲ ಕಳೆದ ಮೇಲೆ ಜಮೀನಿನ ಮಾತು ತೆಗೆಯಿರಿ.

11. ಹನ್ನೊಂದು ತಿಂಗಳ ಕರಾರನ್ನು ಬಳಸಿಕೊಳ್ಳಿ

ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು ನೋಂದಾಯಿಸಬೇಕೆಂಬ ನಿಯಮದಿಂದಾಗಿ 11 ತಿಂಗಳ ಕರಾರು ರೂಢಿಗೆ ಬಂದಿದೆ. ಇದು ನಿಮ್ಮ ಪ್ರಯೋಗಕ್ಕೆ ತಕ್ಕ ಅವಧಿ. ಸ್ವಂತ ಮನೆಯಿದ್ದರೆ ಮಾರದೆ ಅದನ್ನೂ 11 ತಿಂಗಳಿಗೆ ಬಾಡಿಗೆಗೆ ಕೊಡಿ. ಒಂಬತ್ತನೇ ತಿಂಗಳಲ್ಲಿ ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಕೇಳಿ, ಇರೋಣವೋ ಮರಳೋಣವೋ ಎಂದು. ಎಲ್ಲರ ಮುಂದೆ ಕೇಳಿದರೆ ಮಕ್ಕಳೂ ಹಿರಿಯರೂ ನಿಮ್ಮ ಮುಖ ನೋಡಿ ಉತ್ತರ ಹೇಳುತ್ತಾರೆ.

ಇರುವುದೆಂದು ನಿಶ್ಚಯವಾದ ಮೇಲೆ ಕಾಗದಪತ್ರಗಳ ಕೆಲಸಕ್ಕೆ ಕೈಹಾಕಿ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ತುಂಬಿ. ಗಾಡಿಯ ಆರ್‌ಸಿಯಲ್ಲಿ ವಿಳಾಸ ಬದಲಿಸಲು ಮಾತ್ರ ಇಷ್ಟು ದಿನ ಕಾಯುವಂತಿಲ್ಲ, ಅದಕ್ಕೆ ಮನೆ ಬದಲಿಸಿದ 30 ದಿನದ ಗಡುವಿದೆ. ಹೊರರಾಜ್ಯಕ್ಕೆ ಹೋದವರು ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಅಲ್ಲಿಟ್ಟರೆ ಮರುನೋಂದಣಿ ಮಾಡಿಸಿ ಅಲ್ಲಿನ ತೆರಿಗೆ ಕಟ್ಟಬೇಕು. ಅದಕ್ಕೆ ಬೇಕಾದ ಎನ್‌ಒಸಿಯನ್ನು ನಿಮ್ಮ ಹಳೆಯ ಆರ್‌ಟಿಒ ಕಚೇರಿಯೇ ಕೊಡಬೇಕು. ಆದ್ದರಿಂದ ಬೆಂಗಳೂರಿಗೆ ಬಂದಾಗಲೇ ಅದನ್ನು ಮುಗಿಸಿಕೊಂಡು ಹೋಗಿ.