ಊರು ಆಮೇಲೆ, ಕ್ರೆಡಿಟ್ ಮೊದಲು

ಅಮೆರಿಕದ ಕ್ರೈಸ್ತ ಕಾಲೇಜುಗಳಲ್ಲಿ ಹೆಚ್ಚಿನವು ಚಿಕ್ಕವು. ಹೊರದೇಶದಲ್ಲಿ ಸ್ವಂತ ಕೇಂದ್ರ ನಡೆಸುವುದು ಒಂದೊಂದಕ್ಕೂ ಹೊರೆಯಾಗುವುದರಿಂದ ಅವು ಕೂಡಿ ಕೆಲಸ ಮಾಡುತ್ತ ಬಂದಿವೆ. ಇಂಥ ಕಾಲೇಜುಗಳ ಒಕ್ಕೂಟ ಸಿಸಿಸಿಯು ಹುಟ್ಟಿದ 1976ರಲ್ಲೇ ವಾಷಿಂಗ್ಟನ್‌ನಲ್ಲಿ ಅಮೆರಿಕನ್ ಸ್ಟಡೀಸ್ ಪ್ರೋಗ್ರಾಂ ಶುರುವಾಯಿತು. ಆಮೇಲೆ ಆಕ್ಸ್‌ಫರ್ಡ್, ಉಗಾಂಡಾದ ಮುಕೋನೊ ಮೊದಲಾದ ಊರುಗಳು ಸೇರಿಕೊಂಡವು. 1957ರಲ್ಲಿ ಸ್ಥಾಪನೆಯಾದ ಜೆರುಸಲೇಮ್ ಯೂನಿವರ್ಸಿಟಿ ಕಾಲೇಜಿನಲ್ಲಿ ಬೈಬಲ್ ನಾಡಿನ ಭೂಗೋಳ, ಪುರಾತತ್ವ ಓದಬಹುದು. ಪದವಿಯ ನಡುವೆ ಒಂದು ಸೆಮಿಸ್ಟರನ್ನು ಹೀಗೆ ಹೊರಗೆ ಓದಬೇಕೆನ್ನುವವರು ಸಾಮಾನ್ಯವಾಗಿ ಮೊದಲು ಊರು ಆರಿಸುತ್ತಾರೆ, ಲೆಕ್ಕ ಆಮೇಲೆ ಹಾಕುತ್ತಾರೆ. ಎಡವುವುದು ಅಲ್ಲಿಯೇ. ಈ ಸೆಮಿಸ್ಟರ್ ಪದವಿಯ ಒಂದು ಭಾಗ, ರಜೆಯಲ್ಲ. ಆದ್ದರಿಂದ ತಯಾರಿ ಕ್ರೆಡಿಟ್ಟಿನಿಂದ ಶುರುವಾಗಬೇಕು.

ಹೆಜ್ಜೆ 1: ಜಾಗ ಉಳಿಸಿಕೊಳ್ಳಿ

ಅಮೆರಿಕದಲ್ಲಿ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಒಂದು ಸೆಮಿಸ್ಟರಿಗೆ ಸುಮಾರು 15. ಸಾಹಿತ್ಯ, ಇತಿಹಾಸ, ದೈವಶಾಸ್ತ್ರದಂಥ ಕಡ್ಡಾಯ ಸಾಮಾನ್ಯ ವಿಷಯಗಳನ್ನು ಮೊದಲ ವರ್ಷದಲ್ಲೇ ಮುಗಿಸಿಬಿಡುವುದು ಜಾಣತನವೆಂದು ಹಲವರು ತಿಳಿಯುತ್ತಾರೆ. ಆದರೆ ಹೊರಗೆ ಸುಲಭವಾಗಿ ಸಿಗುವುದು ಈ ವಿಷಯಗಳೇ. ಅವು ಮುಗಿದರೆ ಹೊರಗೆ ಓದಿದ್ದಕ್ಕೆ ಪದವಿಯಲ್ಲಿ ಜಾಗವೇ ಇರುವುದಿಲ್ಲ. ನರ್ಸಿಂಗ್, ಎಂಜಿನಿಯರಿಂಗ್, ಶಿಕ್ಷಕ ತರಬೇತಿಯವರು ಇನ್ನೂ ಎಚ್ಚರವಾಗಿರಬೇಕು. ಒಂದರ ಮೇಲೊಂದು ಕಟ್ಟಿದ ಆ ಕೋರ್ಸುಗಳಲ್ಲಿ ಕೆಲವು ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತವೆ. ಒಂದು ತಪ್ಪಿದರೆ ಪದವಿ ವರ್ಷವೇ ಮುಂದಕ್ಕೆ ಹೋಗಬಹುದು. ಹಾಗಾಗಿ ಮೊದಲ ವರ್ಷದಲ್ಲೇ ಅಡ್ವೈಸರ್ ಜೊತೆ ಕೂತು, ಯಾವ ಸೆಮಿಸ್ಟರ್ ಬಿಡುವಾಗುತ್ತದೆಂದು ನೋಡಿ, ನಾಲ್ಕೈದು ವಿಷಯಗಳನ್ನು ಅದಕ್ಕೆಂದೇ ತೆಗೆದಿಡಿ.

ಹೆಜ್ಜೆ 2: ಬರಹದಲ್ಲಿ ಒಪ್ಪಿಗೆ ಪಡೆಯಿರಿ

ಹಾಳೆಯ ಎಡಗಡೆ ಅಲ್ಲಿ ಓದುವ ಕೋರ್ಸು, ಬಲಗಡೆ ಅದಕ್ಕೆ ಸಮನಾದ ನಿಮ್ಮ ಕಾಲೇಜಿನ ಕೋರ್ಸು, ಕೆಳಗೆ ವಿಭಾಗದ ಮತ್ತು ರಿಜಿಸ್ಟ್ರಾರ್ ಕಚೇರಿಯ ಸಹಿ: ಇಷ್ಟಿದ್ದರೆ ಮಾತ್ರ ಒಪ್ಪಿಗೆ ಸಿಕ್ಕಿತೆಂದು ತಿಳಿಯಿರಿ. 'ಬಹುಶಃ ಆಗುತ್ತದೆ' ಎಂಬ ಬಾಯಿಮಾತು ನಂಬಿ ಹೊರಡಬೇಡಿ. ಅಲ್ಲಿ ಹೋದ ಮೇಲೆ ಕೋರ್ಸು ಬದಲಾಗಬಹುದು, ಆದ್ದರಿಂದ ಒಂದೆರಡು ಹೆಚ್ಚುವರಿ ಕೋರ್ಸುಗಳಿಗೂ ಸಹಿ ಹಾಕಿಸಿಕೊಳ್ಳಿ. ಕಾರ್ಯಕ್ರಮಗಳು ನಿಲ್ಲುವುದೂ ಕೈ ಬದಲಾಗುವುದೂ ಉಂಟು. ನೀವು ಹೋಗುವ ವರ್ಷ ಅದು ನಡೆಯುತ್ತದೆಯೇ ಎಂದು ನೇರವಾಗಿ ಕೇಳಿ.

ಹೆಜ್ಜೆ 3: ದುಡ್ಡಿನ ಲೆಕ್ಕ

'ಇದು ಉಳ್ಳವರಿಗೆ ಮಾತ್ರ' ಎಂಬ ಆಕ್ಷೇಪ ಅರ್ಧ ನಿಜ. ನಿಮ್ಮ ಕಾಲೇಜು ಕ್ರೆಡಿಟ್ ಒಪ್ಪಿದ್ದರೆ, ಓದು ಹೊರದೇಶದಲ್ಲಿ ಎಂಬ ಕಾರಣಕ್ಕೆ ಅಮೆರಿಕದ ಸರ್ಕಾರಿ ವಿದ್ಯಾರ್ಥಿ ನೆರವು ತಪ್ಪುವುದಿಲ್ಲ. ಕಾಲೇಜಿನದೇ ಸ್ಕಾಲರ್‌ಶಿಪ್ ಜೊತೆಗೆ ಬರುವುದೋ ಇಲ್ಲವೋ ಎಂಬುದು ಮಾತ್ರ ಆಯಾ ಕಾಲೇಜಿನ ನಿಯಮ, ಬಜೆಟ್ ನಿಂತಿರುವುದು ಬಹುಮಟ್ಟಿಗೆ ಇದರ ಮೇಲೆ. ವಿಮಾನ ಟಿಕೆಟ್, ವಿಮೆ, ವೀಸಾ ಶುಲ್ಕವನ್ನು ಎಲ್ಲರೂ ಲೆಕ್ಕಕ್ಕೆ ಹಿಡಿಯುತ್ತಾರೆ. ಕ್ಯಾಂಪಸ್ ಕೆಲಸ ಬಿಡುವುದರಿಂದ ತಪ್ಪುವ ಸಂಬಳ ಮರೆತುಹೋಗುತ್ತದೆ. ಎಫ್-1 ವೀಸಾದಲ್ಲಿರುವ ಕನ್ನಡಿಗ ವಿದ್ಯಾರ್ಥಿಗೆ ಸರ್ಕಾರಿ ನೆರವು ಇಲ್ಲ, ಕಾಗದಪತ್ರವೂ ಹೆಚ್ಚು. ಆಕ್ಸ್‌ಫರ್ಡಿಗೆ ಹೋಗುವುದಾದರೆ ಭಾರತದ ಪಾಸ್‌ಪೋರ್ಟಿಗೆ ಬ್ರಿಟನ್ ವೀಸಾ ಮುಂಚೆಯೇ ಬೇಕು. ಕಾಲೇಜು ಕೊಟ್ಟ ಐ-20 ಪತ್ರದ ಮೇಲೆ ಪ್ರಯಾಣದ ಸಹಿ ಇದೆಯೇ, ಅಮೆರಿಕಕ್ಕೆ ಮರಳಲು ವೀಸಾ ಅವಧಿ ಉಳಿದಿದೆಯೇ ಎಂದೂ ನೋಡಿಕೊಳ್ಳಬೇಕು.

ಹೆಜ್ಜೆ 4: ಈಗ ಊರು ಆರಿಸಿ

ಊರಿನ ಅಂದಕ್ಕಿಂತ ಕಲಿಸುವ ಬಗೆ ಮುಖ್ಯ. ಆಕ್ಸ್‌ಫರ್ಡ್ ಟ್ಯುಟೋರಿಯಲ್‌ನಲ್ಲಿ ಒಬ್ಬ ಟ್ಯೂಟರ್ ಎದುರು ನೀವು ಬರೆದ ಪ್ರಬಂಧ ಇರುತ್ತದೆ. ಒಂದು ವಾಕ್ಯದ ಬಳಿ ನಿಂತು 'ಇದಕ್ಕೆ ಆಧಾರ?' ಎಂದರೆ ಉತ್ತರ ಕೊಡಬೇಕಾದವರು ನೀವೊಬ್ಬರೇ. ಹಿಂದಿನ ಬೆಂಚಿನಲ್ಲಿ ಅಡಗಲು ಆಗದು. ಒಬ್ಬರೇ ಓದಿ ಬರೆಯುವುದು ಒಗ್ಗುವವರಿಗೆ ಇದು ವರ, ಒಗ್ಗದವರಿಗೆ ಶಿಕ್ಷೆ. ಅಂಥವರಿಗೆ ಅಮೆರಿಕದೊಳಗೇ ಇಂಟರ್ನ್‌ಶಿಪ್ ಸುತ್ತ ಕಟ್ಟಿದ ಸೆಮಿಸ್ಟರ್ ಮೇಲು. ವಿಮಾನ ಹತ್ತಿದರೆ ಮಾತ್ರ ಹೊರಗಿನ ಓದು ಎಂದೇನಿಲ್ಲ.

ಕ್ರೈಸ್ತರು ಕ್ರೈಸ್ತ ಸಂಸ್ಥೆಗೇ ಹೋದರೆ ಹೊಸದೇನು ಕಲಿತಾರು ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಮೆರಿಕನ್ನರೇ ಕೂಡಿ ಉಂಡು, ಕೂಡಿ ಸುತ್ತಿ ಬರುವುದಾದರೆ ಅದು ಪ್ರವಾಸವಷ್ಟೇ. ಆದರೆ ಮುಕೋನೊದ ಉಗಾಂಡಾ ಕ್ರಿಶ್ಚಿಯನ್ ಯೂನಿವರ್ಸಿಟಿಯನ್ನು ನಡೆಸುವುದು ಅಲ್ಲಿನ ಆಂಗ್ಲಿಕನ್ ಸಭೆ. ತರಗತಿ ತುಂಬ ಸ್ಥಳೀಯರು. ಧರ್ಮ ಒಂದೇ ಆಗಿ, ಆರಾಧನೆ, ಸಂಸಾರ, ದುಡ್ಡಿನ ವಿಚಾರದಲ್ಲಿ ನಡವಳಿಕೆ ಬೇರೆಯಾದಾಗಲೇ ತನ್ನಲ್ಲಿರುವುದರಲ್ಲಿ ನಂಬಿಕೆ ಎಷ್ಟು, ಅಮೆರಿಕದ ರೂಢಿ ಎಷ್ಟು ಎಂದು ವಿದ್ಯಾರ್ಥಿಗೆ ಬಿಡಿಸಿ ನೋಡಲು ಆಗುವುದು. ಆದ್ದರಿಂದ ಅರ್ಜಿಗೆ ಮುಂಚೆ ಎರಡು ಪ್ರಶ್ನೆ ಕೇಳಿ: ವಾಸ ಯಾರ ಜೊತೆ? ತರಗತಿಯಲ್ಲಿ ಸ್ಥಳೀಯರು ಇರುತ್ತಾರೆಯೇ?

ಹೆಜ್ಜೆ 5: ಮರಳಿದ ಮೇಲೆ

ಪಠ್ಯಕ್ರಮ, ಪ್ರಬಂಧ, ಅಂಕಪಟ್ಟಿ ಯಾವುದನ್ನೂ ಎಸೆಯಬೇಡಿ. ಒಪ್ಪಿಗೆ ಹಾಳೆಯಲ್ಲಿದ್ದ ಕೋರ್ಸುಗಳು ನಿಮ್ಮ ಟ್ರಾನ್ಸ್‌ಕ್ರಿಪ್ಟಿನಲ್ಲಿ ಒಂದೊಂದಾಗಿ ಬಂದಿವೆಯೇ ಎಂದು ತಾಳೆ ನೋಡಿ. ಬಿಟ್ಟುಹೋಗಿದ್ದರೆ ರಿಜಿಸ್ಟ್ರಾರ್ ಮುಂದೆ ಇಡಲು ಆ ಕಾಗದಗಳೇ ಸಾಕ್ಷಿ.